ವರಾಂಡದಲ್ಲಿ ಮಲಗುವ ಅರ್ಹತೆ ಕುರಿತು

“ಇದಕ್ಕ ಅಷ್ಟು ದೂರ ಯಾಕ ಹೋಗಿದ್ರಿ ಸಾಹೇಬ್ರ? ನಮ್ಮ ಪಕ್ಕದಾಗ ಚಾಪಿ ಹಾಸಿದ್ರ ಆಗ್ತಿತ್ತಲ್ಲ!”

ಉಲ್ಲೇಖ: ಕುಷ್ಟಗಿ ಕಡೆಯ ಕಟ್ಟಡ ಕೂಲಿ ಶ್ರೀಮತಿ ಹುಲಿಗೆವ್ವ ಇವರು 11-2-2004ರ ತರಬೇತಿಯಲ್ಲಿ ಎಲ್ಲರೆದುರು ಕೇಳಿದ ಮೇಲಿನ ಪ್ರಶ್ನೆ.

ಸಂಖ್ಯೆ: ಪರದೇಶ/ಚಾಪೆ/07/2003-04
ಮಣಿಪಾಲ, ದಿನಾಂಕ: 16-2-2004

ವಿಷಯ: ಕಡಿಮೆ ಖರ್ಚಿನಲ್ಲಿ ದೀರ್ಘಕಾಲ ಪರಸ್ಥಳದಲ್ಲಿ ಬದುಕುವ ಪಾಠಗಳು ಯಾರಿಗೆ ಅನ್ವಯ, ಯಾರಿಗೆ ಅಲ್ಲ ಎಂಬ ಬಗ್ಗೆ.

ಈ ಕಚೇರಿಯ ದ್ವಿತೀಯ ದರ್ಜೆ ಸಹಾಯಕ ಶ್ರೀ ಸರ್ವೋತ್ತಮ ಇವರು ವೇತನರಹಿತ ರಜೆಯ ಮೇಲೆ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾಗಳಲ್ಲಿ ಹನ್ನೊಂದು ತಿಂಗಳು ಒಂದೇ ಚೀಲದ ಸಾಮಾನಿನಲ್ಲಿ ಬದುಕಿ, ಗಡ್ಡ ಸಮೇತ ಹಿಂತಿರುಗಿರುತ್ತಾರೆ. ಅವರ ಅನುಭವ ಸಿಬ್ಬಂದಿಗೆ ದಕ್ಕಲೆಂದು ಹಿಂದಿನ ವರಾಂಡದಲ್ಲಿ ತರಬೇತಿ ನಡೆಸಲಾಗಿತ್ತು. ನಮ್ಮ ಹೊಸ ಕಟ್ಟಡ ಕಟ್ಟುತ್ತಿರುವ ಹುಲಿಗೆವ್ವ ಮತ್ತು ಪತಿ ಕರಿಬಸವ ಎಂಟು ತಿಂಗಳಿಂದ ಅದೇ ವರಾಂಡದಲ್ಲಿ ವಾಸವಿದ್ದು, ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡಿರುತ್ತಾರೆ. ಉಲ್ಲೇಖಿತ ಪ್ರಶ್ನೆಗೆ ಇಡೀ ಸಭೆ ನಕ್ಕಿದ್ದು, ಪ್ರಭಾರ ಅಧಿಕಾರಿ ಸಾಹೇಬರು ಮಾತ್ರ ನಗದ ಕಾರಣ, ಈ ಕೆಳಗಿನಂತೆ ಸ್ಪಷ್ಟಪಡಿಸಲಾಗಿದೆ:

1. ಖರ್ಚು ಉಳಿಸಲು ನಿಲ್ದಾಣ, ವರಾಂಡಗಳಲ್ಲಿ ಮಲಗುವುದು ಪಾಸ್‌ಪೋರ್ಟ್ ಇದ್ದವರಿಗೆ ಅನುಭವ, ಇಲ್ಲದವರಿಗೆ ಅತಿಕ್ರಮಣ. ಆದ್ದರಿಂದ ಹುಲಿಗೆವ್ವ ದಂಪತಿ ಶನಿವಾರ ಮಧ್ಯಾಹ್ನದೊಳಗೆ ವರಾಂಡ ತೆರವುಗೊಳಿಸತಕ್ಕದ್ದು. ಎಲ್ಲಿಗೆ ಹೋಗಬೇಕೆಂಬುದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ. ತಾವೇ ಕಟ್ಟುತ್ತಿರುವ ಕಟ್ಟಡದಲ್ಲೂ ಇರುವಂತಿಲ್ಲ; ಅದು ಇನ್ನೂ ಉದ್ಘಾಟನೆಯಾಗಿಲ್ಲ.

2. ಬೆನ್ನಿಗೇರಿಸುವ, ಹದಿನಾಲ್ಕು ಪಟ್ಟಿಗಳ ಚೀಲ ಸರಳ ಜೀವನವೆನಿಸುವುದು. ಹುಲಿಗೆವ್ವ ಇವರ ತಗಡಿನ ಪೆಟ್ಟಿಗೆ ಅಡಚಣೆಯೆನಿಸುವುದು. ಪರಿಶೀಲನೆಯಲ್ಲಿ ಎರಡೂ ಒಂದೇ ತೂಕ ಬಂದಿದ್ದು, ತಕ್ಕಡಿಯನ್ನು ದುರಸ್ತಿಗೆ ಕಳುಹಿಸಲಾಗಿದೆ.

3. ಲಾವೋಸಿನ ಭಾಷೆಯ ಒಂಬತ್ತು ಶಬ್ದ ಕಲಿತದ್ದಕ್ಕೆ ಶ್ರೀ ಸರ್ವೋತ್ತಮ ಇವರಿಗೆ ಪ್ರಶಂಸಾಪತ್ರ ನೀಡಲಾಗುವುದು. ಹುಲಿಗೆವ್ವ ತುಳುವಿನಲ್ಲಿ ಚೌಕಾಸಿಯನ್ನೂ ಕೊಂಕಣಿಯಲ್ಲಿ ಜಗಳವನ್ನೂ ಮಾಡಬಲ್ಲರೆಂದು ವರದಿಯಾಗಿದೆ. ಹೊಟ್ಟೆಗೋಸ್ಕರ ಕಲಿತದ್ದನ್ನು ಕಲಿಕೆ ಎಂದು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲ.

4. ತಾಯಿ ಬೇಬಿಯವರ ನೀರುದೋಸೆ ನೆನೆದು ಸರ್ವೋತ್ತಮ ಗದ್ಗದಿತರಾದಾಗ ಸಿಬ್ಬಂದಿ ಕಣ್ಣೊರೆಸಿಕೊಂಡದ್ದು ಕ್ರಮಬದ್ಧವಾಗಿದೆ. ಆಗ ಹುಲಿಗೆವ್ವ, ಊರಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಮಗಳು ಮಹಾಲಕ್ಷ್ಮಿಯ ಬಗ್ಗೆ, “ನಮ್ಮ ಹುಡುಗಿ ರೊಟ್ಟಿ ಬಡಿಯಾಕ ಕಲ್ತಾಳಂತ್ರಿ, ನಾ ಇನ್ನೂ ನೋಡಿಲ್ಲ” ಎಂದದ್ದು ವಿಷಯಾಂತರ.

5. ಎರಡು ಜೊತೆ ಬಟ್ಟೆ, ಒಂದು ಹಗ್ಗ ಇದ್ದರೆ ಲೋಕ ಸುತ್ತಬಹುದೆಂಬ ಪಾಠಕ್ಕೆ ಹುಲಿಗೆವ್ವ ಬಟ್ಟೆ ಒಣಗಿಸುವ ಹಗ್ಗವನ್ನೇ ಬಳಸಲಾಗಿತ್ತು. ತರಬೇತಿಯ ಬ್ಯಾನರನ್ನೂ ಅದಕ್ಕೇ ಕಟ್ಟಲಾಗಿದೆ. “ಹಗ್ಗ ನನ್ನದಲ್ಲ ಮಾರಾಯ್ರೆ, ಅವರದ್ದು” ಎಂದು ಸರ್ವೋತ್ತಮ ಮೂರು ಸಲ ಹೇಳಿದ್ದನ್ನು ನಡಾವಳಿಯಿಂದ ತೆಗೆದುಹಾಕಲಾಗಿದೆ.

6. ಶನಿವಾರ ಮೂರು ಗಂಟೆಗೆ ಕಾರ್ಕಳ ಕಚೇರಿಯವರಿಗಾಗಿ, ತೆರವಾದ ಇದೇ ವರಾಂಡದಲ್ಲಿ, ವರಾಂಡದಲ್ಲಿ ಮಲಗುವ ಪ್ರಾತ್ಯಕ್ಷಿಕೆ ಇರುತ್ತದೆ. ಚಾಪೆಯನ್ನು ಹುಲಿಗೆವ್ವ ಬಿಟ್ಟುಹೋಗತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/-
ಪ್ರಭಾರ ಅಧಿಕಾರಿ

ಪ್ರತಿಗಳು:
1. ಕಾರ್ಕಳ ಕಚೇರಿಗೆ, ದಿಂಬು ತಾವೇ ತರುವಂತೆ ಕೋರಿ.
2. ಕಾಪು ಕಚೇರಿಗೆ, ಹೊಟ್ಟೆಕಿಚ್ಚು ಪಡದಿರಲು ತಿಳಿಸಿ.
3. ತಕ್ಕಡಿ ದುರಸ್ತಿಯವರಿಗೆ.
4. ಶ್ರೀ ಸರ್ವೋತ್ತಮ ಇವರಿಗೆ, ಗಡ್ಡ ತೆಗೆಯುವ ಷರತ್ತಿಗೊಳಪಟ್ಟು.
5. ಶ್ರೀಮತಿ ಹುಲಿಗೆವ್ವ ಇವರಿಗೆ. ಜವಾನರು ಓದಿ ಹೇಳತಕ್ಕದ್ದು.

ಜವಾನ ಅಲೋಶಿಯಸ್‌ನ ಷರಾ, 21-2-2004:
ಐದನೆಯವರಿಗೆ ಓದಿ ಹೇಳಿದ್ದೇನೆ. “ಇನ್ನು ಎಂತ ಮಾಡ್ತೀರಿ ಅಮ್ಮ?” ಎಂದು ಕೇಳಿದೆ. “ಗಂಟು ಕಟ್ಟೂದು ಹತ್ತು ನಿಮಿಷದ ಕೆಲಸರಿ. ಹೋಗೂದು ಎಲ್ಲಿಗಂತ ಗೊತ್ತಿಲ್ಲ” ಅಂದರು. ಅಷ್ಟರಲ್ಲಿ ಸರ್ವೋತ್ತಮರು ಬಂದು, “ಸಂತೆಕಟ್ಟೆಯಲ್ಲಿ ನಮ್ಮ ಮನೆ ಉಂಟಲ್ವಾ, ಹಿಂದೆ ಒಂದು ಕೋಣೆ ಖಾಲಿ ಉಂಟು. ಅಮ್ಮನಿಗೆ ಹೇಳಿ ಆಯ್ತು” ಎಂದರು. “ಅಲ್ಲಿಗೆ ಪಾಸ್‌ಪೋರ್ಟ್ ಬೇಕೇನ್ರೀ?” ಎಂದು ಹುಲಿಗೆವ್ವ ಕೇಳಿದರು. ಕರಿಬಸವ ನಕ್ಕರು. ಸರ್ವೋತ್ತಮರು ನಗಲಿಲ್ಲ.

ಹುಲಿಗೆವ್ವ ಹಗ್ಗ ಬಿಚ್ಚಿ ಸುತ್ತಿಕೊಂಡರು. ಬ್ಯಾನರ್ ಕೆಳಗೆ ಬಿತ್ತು. ಎತ್ತಿ ಕಟ್ಟಲು ಸರ್ವೋತ್ತಮರಿಗೆ ಕೈ ಬಿಡುವಿರಲಿಲ್ಲ. ಒಂದರಲ್ಲಿ ತಗಡಿನ ಪೆಟ್ಟಿಗೆ ಇತ್ತು, ಇನ್ನೊಂದರಲ್ಲಿ ಚಾಪೆ.