ಒಳಗಿರೋಳು ಯಾರು, ಹೊರಗಿರೋಳು ಯಾರು

ಆ ಸಿನಿಮಾದ ಕೊನೆಯನ್ನು ಬಿಡಿಸಿ ಹೇಳಬಲ್ಲ ಗಂಡಸು ಈ ಭೂಮಂಡಲದಲ್ಲಿ ಇದ್ದರೆ ಅದು ತಾನೊಬ್ಬನೇ ಎಂದು ಲಿಫ್ಟ್ ಮೆಕ್ಯಾನಿಕ್ ಶನಿವಾರ ಸಂಜೆಯೇ ತೀರ್ಮಾನಿಸಿಬಿಟ್ಟ. ಟಿವಿಯಲ್ಲಿ ಇನ್ನೂ ಹೆಸರುಗಳ ಪಟ್ಟಿ ಮೇಲೇರುತ್ತಿತ್ತು.

"ಇದರಲ್ಲಿ ಗೊಂದಲ ಏನಿದೆ? ಕೆಟ್ಟು ನಿಂತ ಲಿಫ್ಟು ಯಾಕೆ ನಿಂತಿತು ಅಂತ ಹದಿನಾಲ್ಕು ವರ್ಷದಿಂದ ಕಂಡುಹಿಡೀತಿರೋನು ನಾನು. ಒಂದು ಸಿನಿಮಾ ಯಾಕೆ ಅಲ್ಲಿಗೇ ನಿಂತಿತು ಅಂತ ಹೇಳೋಕಾಗಲ್ವಾ? ನಾಳೆ ಸಂಜೆಯೊಳಗೆ ನಿನ್ನ ಬಾಯಿಂದಲೇ ಒಪ್ಪಿಸ್ತೀನಿ" ಅಂದ ಹೆಂಡತಿಗೆ.

ಸಿನಿಮಾ ದೆವ್ವದ್ದು. ಕೊನೆಯ ದೃಶ್ಯದಲ್ಲಿ ಒಬ್ಬ ಗಂಡ ಮುಂಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಿರುತ್ತಾನೆ. ಕೋಣೆಯೊಳಗೆ ಹೆಂಡತಿ ಮಗುವನ್ನು ಮಲಗಿಸುತ್ತಿರುತ್ತಾಳೆ. ಅದೇ ಹೊತ್ತಿಗೆ ಬಾಗಿಲ ಹೊರಗಿನಿಂದ ಅದೇ ಹೆಂಡತಿಯ ದನಿ ಕೇಳುತ್ತದೆ: ಬಾಗಿಲು ತೆಗಿ, ನಾನು ಬಂದಿದೀನಿ. ಗಂಡ ಆ ಕಡೆ ನೋಡುತ್ತಾನೆ, ಈ ಕಡೆ ನೋಡುತ್ತಾನೆ, ಪರದೆ ಕಪ್ಪಾಗುತ್ತದೆ. ಅಷ್ಟೇ. ಎರಡೂಕಾಲು ಗಂಟೆ ಕೂರಿಸಿ, ಉತ್ತರ ಹೇಳದೆ ಎದ್ದು ಹೋದ ನಿರ್ದೇಶಕ.

"ಒಳಗಿರೋಳೇ ದೆವ್ವ. ದೆವ್ವಕ್ಕೆ ಬಾಗಿಲ ಹಂಗೇನು? ಅದು ಆಗಲೇ ಒಳಗೆ ಬಂದು ಕೂತಿರುತ್ತೆ. ಬಾಗಿಲು ತಟ್ಟೋರು ಮನುಷ್ಯರು" ಅಂತ ಮೆಕ್ಯಾನಿಕ್ ತೀರ್ಪು ಕೊಟ್ಟ.

"ಮಗು ಮಲಗಿಸೋ ಕಷ್ಟ ದೆವ್ವಕ್ಕೆ ಯಾಕೆ ಬೇಕು ರೀ? ಸಂಬಳ ಕೊಟ್ಟರೂ ಬರಲ್ಲ. ಒಳಗಿರೋಳೇ ತಾಯಿ" ಅಂದಳು ಹೆಂಡತಿ.

ಹೆಂಡತಿ ಕೋರ್ಟಿನಲ್ಲಿ ಸ್ಟೆನೋ. ಸಾಕ್ಷಿ ಕೆಮ್ಮಿದರೂ ಬರೆದುಕೊಳ್ಳುವ ಕೆಲಸ. ಹೆರಿಗೆ ರಜೆ ಮುಂದುವರಿಸಿ ಮನೆಯಲ್ಲಿದ್ದಳು, ಹಾಗಾಗಿ ಬರೆದುಕೊಳ್ಳುತ್ತಿರಲಿಲ್ಲ. ಬರೆದುಕೊಳ್ಳದೆಯೇ ನೆನಪಿಟ್ಟುಕೊಳ್ಳುತ್ತಿದ್ದಳು. ಸಂಸಾರಕ್ಕೆ ಇದು ಇನ್ನೂ ಅಪಾಯ.

ವಾದ ಊಟದ ತಟ್ಟೆಯವರೆಗೂ ಬಂತು, ಬೆಳಗ್ಗೆ ಕಾಫಿ ಲೋಟದ ಜೊತೆ ಮತ್ತೆ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಕೈಮುಗಿದು, "ಆಯ್ತು, ಒಪ್ಕೊಂಡೆ, ಬಿಡಿ. ನಂಗೆ ಬಟ್ಟೆ ಒಗೆಯೋದಿದೆ" ಅಂದಳು. ಇಂಥ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎನಿಸಿ ಮೆಕ್ಯಾನಿಕ್ ಬಾಲ್ಕನಿಗೆ ಹೋಗಿ, ಜೊತೆಯಲ್ಲಿ ಕೆಲಸ ಮಾಡುವ ಹಿರಿಯ ಗ್ರೀಸಣ್ಣನಿಗೆ ಫೋನ್ ಹಚ್ಚಿದ. ಗ್ರೀಸಣ್ಣನೂ ಆ ಸಿನಿಮಾ ನೋಡಿದ್ದ. ನೋಡಿದ್ದ ಎನ್ನುವುದಕ್ಕಿಂತ ಅದರ ಮುಂದೆ ನಿದ್ದೆ ಮಾಡಿದ್ದ. ಮೆಕ್ಯಾನಿಕ್‌ಗೆ ಬೇಕಾದದ್ದು ಎದುರು ಮಾತಾಡದ ಕಿವಿ ಮಾತ್ರ. ಮೂರು ಗಂಟೆಯಿಂದ ಮೂರೂವರೆವರೆಗೆ ಬಾಲ್ಕನಿ ತುಂಬ ಓಡಾಡುತ್ತ, ಕೈ ಬೀಸುತ್ತ, ಸಿನಿಮಾದ ಗೋಡೆ ಗಡಿಯಾರದಿಂದ ಹಿಡಿದು ಮಗುವಿನ ಕಾಲ್ಚೀಲದವರೆಗೆ ಒಂದೊಂದಕ್ಕೂ ಅರ್ಥ ಹಚ್ಚಿದ. ಅಷ್ಟರಲ್ಲಿ ಮೋಡ ಕವಿದು ಬೀದಿ ಮಂಕಾಯಿತು. ಗಾಳಿ ಎದ್ದಿತು, ಮಳೆ ಹನಿಯಿತು. ಎಲ್ಲೋ ಒಂದು ಬಾಗಿಲು ದಢಾರನೆ ಬಡಿದುಕೊಂಡಿತು. ಕರೆಂಟು ಹೋಯಿತು. ಫೋನಿನ ಚಾರ್ಜೂ ಮುಗಿದು, ಗ್ರೀಸಣ್ಣನಿಗೆ ಅಂತೂ ಬಿಡುಗಡೆಯಾಯಿತು.

ಮೆಕ್ಯಾನಿಕ್ ಒಳಗೆ ಬಂದು, ಗಾಳಿಗೆ ಅಲ್ಲಾಡುತ್ತಿದ್ದ ಮುಂಬಾಗಿಲಿಗೆ ಚಿಲಕ ಹಾಕಿದ. ಹಾಲ್ ಅರೆಗತ್ತಲಾಗಿತ್ತು. ಮಲಗುವ ಕೋಣೆಯ ಬಾಗಿಲು ಮುಕ್ಕಾಲು ಮುಚ್ಚಿತ್ತು, ಒಳಗೆ ಹೆಂಡತಿಯ ಮೆಲ್ಲನೆಯ ಗುನುಗು ಕೇಳುತ್ತಿತ್ತು. ಏಳು ತಿಂಗಳ ಪುಟ್ಟಿ ಮಲಗುವ ಹೊತ್ತು. ಅವನು ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಿದ್ದ.

ಮುಂಬಾಗಿಲು ಬಡಿದ ಸದ್ದಾಯಿತು.

"ರೀ, ಬಾಗಿಲು ತೆಗೀರಿ."

ಹೆಂಡತಿಯ ದನಿ.

ಲೋಟ ಕೆಳಗಿಟ್ಟ. ಭ್ರಮೆ ಅಂದುಕೊಂಡ. ನಿನ್ನೆಯಿಂದ ಅದನ್ನೇ ಜಗಿಯುತ್ತಿದ್ದರೆ ಕಿವಿಗೂ ಅದೇ ಕೇಳಿಸುತ್ತದೆ. ಬಾಗಿಲ ಬಳಿ ಬಂದು ನಿಂತ.

"ರೀ, ಕೇಳಿಸ್ತಾ? ನಾನು. ತೆಗೀರಿ."

ಚಿಲಕಕ್ಕೆ ಕೈ ಹೋಯಿತು. ಅದೇ ಕ್ಷಣ ಬೆನ್ನ ಹಿಂದಿನ ಕೋಣೆಯಿಂದ, ಅದೇ ದನಿ ಹೇಳಿತು: "ಅಮ್ಮ ಇಲ್ಲೇ ಇದೀನಿ. ಎಲ್ಲಿಗೂ ಹೋಗಿಲ್ಲ."

ಕೈ ಚಿಲಕದ ಮೇಲೆಯೇ ಹೆಪ್ಪುಗಟ್ಟಿತು. ನೆತ್ತಿಯಿಂದ ಒಂದು ತಣ್ಣನೆಯ ಹನಿ ಹೊರಟು ಕುತ್ತಿಗೆ, ಬೆನ್ನು ಹಾದು ಪ್ರತಿ ಮೂಳೆಯ ಬಳಿ ನಿಂತು ನಿಂತು ಕೆಳಗಿಳಿಯಿತು. ಬಾಗಿಲಿನಲ್ಲಿದ್ದ ಪುಟ್ಟ ಗಾಜಿನ ಕಿಂಡಿಗೆ ಕಣ್ಣಿಟ್ಟ. ಇಡಬಾರದಿತ್ತು. ಮೆಟ್ಟಿಲ ಬಳಿಯ ಕತ್ತಲಲ್ಲಿ ತಲೆಯಿಂದ ಕಾಲವರೆಗೆ ಬಿಳಿ ಹೊದ್ದ ಆಕೃತಿ. ಬಿಳಿಯ ಅಂಚಿನಿಂದ ಬಿಚ್ಚಿದ ಕೂದಲು ಇಳಿದಿತ್ತು. ಮುಖ ಕಾಣಲಿಲ್ಲ.

"ಎ... ಎಲ್ಲಿಗೆ ಹೋಗಿದ್ದೆ?" ಅಂತ ಹೇಗೋ ಕೇಳಿದ.

"ಮೇಲೆ ಹೋಗಿದ್ದೆ" ಅಂದಿತು ಹೊರಗಿನ ದನಿ. "ವಾಪಸ್ ಬಂದಿದೀನಿ. ತೆಗೀರಿ ಬೇಗ."

ಮೇಲೆ ಹೋದವರು ವಾಪಸ್ ಬರುವುದೆಂದರೇನು. ಮೆಕ್ಯಾನಿಕ್ ಚಿಲಕ ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ಒತ್ತಿ ನೋಡಿದ.

ಕೆಳಮನೆಯ ಟೈಲರ್ ಅಕ್ಕ ಈ ಹೊತ್ತಿಗೆ ಮೆಟ್ಟಿಲೇರಿ ಬಂದಳೆಂದು ಕಾಣುತ್ತದೆ. "ಯಾಕಪ್ಪ, ಪಾಪ ಎಷ್ಟೊತ್ತಿಂದ ತಟ್ತಿದಾಳೆ" ಅನ್ನುವುದು ಕೇಳಿಸಿತು. ಮೆಕ್ಯಾನಿಕ್‌ಗೆ ಸ್ವಲ್ಪ ಧೈರ್ಯ ಬಂತು. ಸಾಕ್ಷಿ ಇರುವಾಗಲೇ ಪರೀಕ್ಷೆ ಮಾಡಿಬಿಡಬೇಕು.

"ನೀನು ನನ್ನ ಹೆಂಡತಿನೇ ಆದ್ರೆ ಹೇಳು. ಮೊದಲನೇ ಸಲ ನಿಮ್ಮ ಮನೆಗೆ ಬಂದಾಗ ನಾನು ಏನು ಮಾಡಿದೆ?"

ಹೊರಗಿನಿಂದ ಹಲ್ಲು ಕಚ್ಚಿದ ದನಿಯಲ್ಲಿ, ಕೋರ್ಟಿನಲ್ಲಿ ಓದುವ ಧಾಟಿಯಲ್ಲೇ ಉತ್ತರ ಬಂತು: "ನಮ್ಮಪ್ಪನ ಕುರ್ಚಿ ಮೇಲೆ ಕೂತ್ರಿ. ಕುರ್ಚಿ ಕಾಲು ಮುರೀತು. ನೆಲದ ಮೇಲೆ ಬಿದ್ದುಕೊಂಡೇ 'ಇದು ಮೊದಲೇ ಸಡಿಲ ಇತ್ತು, ನಾನು ನೋಡಿದ ತಕ್ಷಣ ಗೊತ್ತಾಯ್ತು' ಅಂದ್ರಿ. ಗೊತ್ತಾಗಿದ್ರೆ ಯಾಕಪ್ಪ ಕೂತೆ ಅಂತ ನಮ್ಮಜ್ಜಿ ಕೇಳಿದ್ರು."

ಟೈಲರ್ ಅಕ್ಕ ಕಿಸಕ್ಕನೆ ನಕ್ಕಳು.

ಅಕ್ಷರ ತಪ್ಪಿರಲಿಲ್ಲ. ಇವಳೇ ಅವಳು. ಚಿಲಕ ಅರ್ಧ ಸರಿಸಿದ. ಆಗ ನೆನಪಾಯಿತು: ಸಿನಿಮಾದ ದೆವ್ವಕ್ಕೂ ಎಲ್ಲ ಗೊತ್ತಿತ್ತು. ಮದುವೆಗೆ ಮುಂಚಿನ ಪತ್ರಗಳನ್ನೂ ಅದು ಬಾಯಿಪಾಠ ಒಪ್ಪಿಸಿತ್ತು. ಇದನ್ನು ಅರ್ಧ ಗಂಟೆಯ ಹಿಂದೆ ತಾನೇ ಗ್ರೀಸಣ್ಣನಿಗೆ ಬೆರಳು ಮಡಚಿ ವಿವರಿಸಿದ್ದ. ಚಿಲಕ ಮತ್ತೆ ಹಿಂದಕ್ಕೆ ಹೋಯಿತು.

ಕೋಣೆಯಲ್ಲಿ ಪುಟ್ಟಿ ಕುಂಯ್ ಎಂದಳು.

"ಏಯ್ ಬಂಗಾರ" ಅಂದಿತು ಒಳಗಿನ ದನಿ, ತೀರ ಮೆತ್ತಗೆ. "ಗುಮ್ಮ ಬಂದಿದೆ. ಬಾಗಿಲು ತೆಗೀಬಾರ್ದು. ಆಯ್ತಾ? ಅಮ್ಮ ಎತ್ಕೋತೀನಿ ಬಾ."

ಮೆಕ್ಯಾನಿಕ್‌ನ ವಾದ, ವಿವರಣೆ, ಹದಿನಾಲ್ಕು ವರ್ಷದ ಅನುಭವ ಎಲ್ಲ ಆ ಒಂದು ಮಾತಿಗೆ ಉದುರಿಹೋಯಿತು. ಯಾರೋ ಅವನ ಮಗಳನ್ನು ಎತ್ತಿಕೊಳ್ಳಲು ಹೊರಟಿದ್ದರು.

"ಒಳಗೆ ಒಬ್ಬಳಿದಾಳೆ" ಅಂತ ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ. "ಪುಟ್ಟಿ ಹತ್ರ. ನಿನ್ನದೇ ದನಿ."

"ಅಯ್ಯೋ, ಅದೂ ನಾನೇ ರೀ" ಅಂದಳು ಹೊರಗಿನವಳು.

ಇದಕ್ಕಿಂತ ಭಯಂಕರವಾದ ಮಾತನ್ನು ಅವನು ಯಾವ ಸಿನಿಮಾದಲ್ಲೂ ಕೇಳಿರಲಿಲ್ಲ. ಅವಳು ಮುಂದೆ ಇನ್ನೇನೋ ಹೇಳುತ್ತಿದ್ದಳು. ಕೇಳಲು ಅವನು ಅಲ್ಲಿರಲಿಲ್ಲ. ಕೈಗೆ ಸಿಕ್ಕ ಕೊಡೆ ಹಿಡಿದು ಕೋಣೆಗೆ ನುಗ್ಗಿದ್ದ. ಧೈರ್ಯದಿಂದಲ್ಲ, ಹೆದರಿಕೆ ಎಷ್ಟಿತ್ತೆಂದರೆ ನಿಲ್ಲುವುದಕ್ಕೆ ಆಗಲಿಲ್ಲ. ಕಿಟಕಿಯ ಪರದೆ ಉಬ್ಬಿ ಮನುಷ್ಯರ ಹಾಗೆ ನಿಂತಿತ್ತು. ಅತ್ತ ನೋಡದೆ, ಕಣ್ಣನ್ನು ಅರ್ಧ ಮುಚ್ಚಿ, ಕೊಡೆ ಬಿಸಾಡಿ, ತೊಟ್ಟಿಲಿಗೆ ಎರಡೂ ಕೈ ಹಾಕಿ ಹೊದಿಕೆ ಸಮೇತ ಪುಟ್ಟಿಯನ್ನು ಬಾಚಿಕೊಂಡು ಒಂದೇ ಉಸಿರಿಗೆ ಹಾಲ್‌ಗೆ ಓಡಿಬಂದ. ಕೋಣೆಯ ಬಾಗಿಲನ್ನು ಕಾಲಲ್ಲಿ ಎಳೆದು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಉಳಿಸಿಕೊಂಡೆ. ಅಷ್ಟು ಸಾಕು.

"ಹೆದರಬೇಡ" ಅಂತು ಆ ದನಿ. "ನಾನು ನಿನ್ನ ಜೊತೇಲೇ ಇದೀನಿ."

ಅದು ಕೋಣೆಯಿಂದ ಬಂದಿರಲಿಲ್ಲ. ಅವನ ಎದೆಯ ಮೇಲಿಂದ ಬಂದಿತ್ತು.

ಮೆಲ್ಲಗೆ ತಲೆ ಬಗ್ಗಿಸಿದ. ಪುಟ್ಟಿ ಎರಡೂ ಕಣ್ಣು ಅಗಲಿಸಿ ಅವನನ್ನೇ ನೋಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು.

"ಜಾಣೆ ನೀನು" ಅಂತು ಹೆಂಡತಿಯ ದನಿ, ಏಳು ತಿಂಗಳ ಕೂಸಿನ ಕಡೆಯಿಂದ.

ಆ ಗಳಿಗೆಯಲ್ಲಿ ಅವನು ಮಗುವನ್ನು ಕೆಳಗಿಟ್ಟು ಓಡಬಹುದಿತ್ತು. ಕಾಲುಗಳು ಅದನ್ನೇ ಹೇಳುತ್ತಿದ್ದವು. ಆದರೆ ಕೈಗಳು ಕೇಳಲಿಲ್ಲ, ಇನ್ನಷ್ಟು ಬಿಗಿಯಾದವು. ಮಾತಾಡಿದರೆ ಮಾತಾಡಲಿ, ಏನಾಗಿದ್ದರೂ ಇದು ನಮ್ಮ ಪುಟ್ಟಿ, ಇದನ್ನು ನೆಲದ ಮೇಲೆ ಇಡುವುದಿಲ್ಲ ಎನ್ನುವುದೊಂದೇ ಅವನಲ್ಲಿ ಉಳಿದ ಬುದ್ಧಿ. ಅಳುಬುರುಕ ದನಿಯಲ್ಲಿ, "ಆಯ್ತಮ್ಮ, ಆಯ್ತು" ಎಂದು ಅದಕ್ಕೆ ಉತ್ತರ ಕೊಡುತ್ತಲೇ ಹೋಗಿ ಮುಂಬಾಗಿಲ ಚಿಲಕ ಎಳೆದುಬಿಟ್ಟ. ಹೊರಗಿರುವುದು ಏನೇ ಇರಲಿ, ಇಬ್ಬರನ್ನೂ ಒಟ್ಟಿಗೆ ನುಂಗಲಿ.

ಬಿಳಿ ಆಕೃತಿ ಒಳಗೆ ನುಗ್ಗಿತು. ಮೆಕ್ಯಾನಿಕ್ ಗೋಡೆಗೆ ಜಾರಿ, ಮಗುವನ್ನು ಅಪ್ಪಿಕೊಂಡೇ ಕುಕ್ಕರಿಸಿದ. ಹೊದಿಕೆ ಸಡಿಲಾಗಿ ಅದರ ಮಡಿಕೆಯಿಂದ ಏನೋ ಟಪ್ಪನೆ ಬಿತ್ತು. ಗಾಜು ಸೀಳಿದ ಹಳೇ ಫೋನು. ನೆಲದ ಮೇಲೆ ಬಿದ್ದುಕೊಂಡು, "ಅಮ್ಮ ಇಲ್ಲೇ ಇದೀನಿ, ಎಲ್ಲಿಗೂ ಹೋಗಿಲ್ಲ" ಎಂದು ಮೊದಲಿಂದ ಶುರುಮಾಡಿತು.

ಹೆಂಡತಿ ತಲೆ ಮೇಲಿನ ಒದ್ದೆ ಹಾಸಿಗೆ ಬಟ್ಟೆ ತೆಗೆದು ಕುರ್ಚಿಗೆ ಎಸೆದಳು. ಕೂದಲಿಂದ ಮಳೆನೀರು ಸುರಿಯುತ್ತಿತ್ತು. ಮೊದಲು ಪುಟ್ಟಿಯನ್ನು ಎತ್ತಿಕೊಂಡು ನೋಡಿದಳು, ಆಮೇಲೆ ಗಂಡನನ್ನು. ಅವನ ಮುಖ ಸುಣ್ಣ ಬಳಿದಂತಿತ್ತು. ಬಯ್ಯಲು ಹೊರಟವಳು ಪಕ್ಕದಲ್ಲಿ ಕೂತು ಸೆರಗಿನಿಂದ ಅವನ ಹಣೆ ಒರೆಸಿದಳು.

"ಕೊಡೆ ತಗೊಂಡು ದೆವ್ವದ ಮೇಲೆ ಹೋದ್ರಾ?"

"ಬೇರೇನೂ ಸಿಗಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಟೈಲರ್ ಅಕ್ಕ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಸಾಕ್ಷಿ ಇರುವುದು ಕಂಡಾಗ ಮೆಕ್ಯಾನಿಕ್‌ನ ಮಾನ ಎಚ್ಚರಗೊಂಡಿತು. ಸ್ವಲ್ಪ ನೆಟ್ಟಗೆ ಕೂತ.

"ಹೀಗೆ ದನಿ ತುಂಬಿಸಿ ಇಟ್ಟು ಹೋಗೋದಾದ್ರೆ ಒಂದು ಮಾತು ಹೇಳಿ ಹೋಗಬೇಕು ತಾನೇ? ಮನೆಯಲ್ಲಿ ನಾನು ಅಂತ ಒಬ್ಬ ಇಲ್ವಾ?"

"ಹೇಳಿದ್ದೆ."

"ಎಲ್ಲಿ ಹೇಳಿದೆ?"

ಹೆಂಡತಿ ಮಗುವನ್ನು ಭುಜಕ್ಕೆ ಹಾಕಿಕೊಂಡು, ಗೋಡೆ ನೋಡುತ್ತ, ಏರಿಳಿತವಿಲ್ಲದ ದನಿಯಲ್ಲಿ ಓದಿದಳು.

"ಬಾಲ್ಕನಿ. ಮೂರು ಗಂಟೆ ಇಪ್ಪತ್ತೈದು ನಿಮಿಷ. ನಾನು: ರೀ, ಬಟ್ಟೆ ತರೋಕೆ ಮೇಲೆ ಹೋಗ್ತಿದೀನಿ. ಪುಟ್ಟಿ ಪಕ್ಕ ಹಳೇ ಫೋನಲ್ಲಿ ನನ್ನ ದನಿ ಹಚ್ಚಿಟ್ಟಿದೀನಿ, ಗಾಬರಿ ಆಗ್ಬೇಡಿ. ನೀವು: ಹೂಂ, ಹೂಂ, ಗೊತ್ತಾಯ್ತು. ಆಮೇಲೆ ಫೋನಿಗೆ: ಅದೇ ನೋಡು ಗ್ರೀಸಣ್ಣ, ಜನಕ್ಕೆ ಈ ಕೊನೆ ಯಾಕೆ ಅರ್ಥ ಆಗಲ್ಲ ಗೊತ್ತಾ? ಯಾರೂ ಕಿವಿಗೊಟ್ಟು ಕೇಳಿಸ್ಕೊಳ್ಳಲ್ಲ."