ನೆಗೆಣ್ಣಿಯ ಮನೆಯ ಬಿಳಿ ಕಮೋಡ್

ಮಂದಿಗೆ ಒಡವೆ ನೋಡಿ ಹೊಟ್ಟೆಕಿಚ್ಚು ಬರುತ್ತದೆ, ಸೀರೆ ನೋಡಿ ಬರುತ್ತದೆ. ನನಗೆ ಬಂದದ್ದು ಕಮೋಡ್ ನೋಡಿ. ಬಂದದ್ದು ಹೋಗಲೂ ಇಲ್ಲ, ನಮ್ಮ ತಾಂಡೂರಿನ ಬೋರ್ ನೀರಿನ ಕಲೆಯ ಹಾಗೆ. ಅದರ ಬೆನ್ನಿಗೆ ಬಿದ್ದು ಒಂದಾದ ಮೇಲೊಂದು ಫಜೀತಿ ಮಾಡಿಕೊಂಡಿದ್ದೇನೆ.

೧. ದರ್ಶನ

ನನ್ನ ಗಂಡನ ಅಣ್ಣನಿಗೆ, ಅಂದರೆ ನನ್ನ ನೆಗೆಣ್ಣಿಯ ಗಂಡನಿಗೆ, ಜಹೀರಾಬಾದಿನಲ್ಲಿ ನೌಕರಿ. ಅವರು ಹೊಸ ಮನೆ ಕಟ್ಟಿದ ವರ್ಷ, ನಮ್ಮ ಜೊತೆಗೇ ಇರುವ ಅತ್ತೆಯನ್ನು ಕರೆದುಕೊಂಡು ನಾಗರ ಪಂಚಮಿಗೆ ಹೋಗಿದ್ದೆವು. ಅಲ್ಲಿಯದೂ ಸವಳು ನೀರೇ. ಆದರೆ ನಮ್ಮ ಕಮೋಡಿನೊಳಗೆ ಹಳದಿ ಪಟ್ಟೆ, ತಳದಲ್ಲಿ ಸುಣ್ಣದ ಬಳೆ. ಅವರದು ಹಾಲಿನಂತೆ ಬಿಳುಪು. ದೂರದ ಬೆಟ್ಟ ನುಣ್ಣಗೆ ಅಂತಾರೆ, ನನ್ನ ನೆಗೆಣ್ಣಿಯ ಕಮೋಡ್ ಹತ್ತಿರದಿಂದಲೂ ನುಣ್ಣಗಿತ್ತು.

ಮೊಣಕಾಲು ನೋವಿನ ಅತ್ತೆಗೆ ಕಮೋಡ್ ಇಲ್ಲದೆ ನಡೆಯದು. ಹೋಗಿ ಬಂದವರೇ ನನ್ನ ಕಡೆ ನೋಡಿ, "ಹಿರಿ ಸೊಸಿ ಎಷ್ಟು ಛಲೋ ಇಟ್ಟಾಳ ನೋಡು" ಎಂದರು.

"ನಾ ಏನೂ ಮಾಡಂಗಿಲ್ಲರಿ ಅತ್ತಿ" ಎಂದು ನೆಗೆಣ್ಣಿ ನಾಚಿದಳು. ಆ ನಾಚಿಕೆಗೇ ನನಗೆ ಮೈ ಉರಿಯಿತು. ಮೂಲೆಯಲ್ಲಿ ಫಿಲ್ಟರ್ ನೀರಿನ ಕ್ಯಾನುಗಳು ಸಾಲಾಗಿದ್ದವು. ನಾವು ಒಂದು ಕ್ಯಾನ್ ತಂದು ಅಳೆದು ಕುಡಿಯುವವರು, ಇವರ ವೈಭವ ನೋಡು ಎಂದು ಅದಕ್ಕೂ ಉರಿಯಿತು. ಅವಳು ಕೊಟ್ಟ ಚಾ ಉಪ್ಪುಪ್ಪಾಗಿತ್ತು. ಹೊಟ್ಟೆಕಿಚ್ಚಿಗೆ ಬಾಯಿರುಚಿಯೂ ಕೆಡುತ್ತದೆ ಎಂದುಕೊಂಡು ಸುಮ್ಮನೆ ಕುಡಿದೆ.

ಇಷ್ಟರಲ್ಲಿ ನನ್ನ ಗಂಡ ಸಂಡಾಸಕ್ಕೆ ಹೋದವರು ಬರಲೇ ಇಲ್ಲ. ಬಾಗಿಲು ಬಡಿದೆ. ಒಳಗಿಂದ ದನಿ ಬಂತು: "ತಡಿಯೇ, ಇದನ್ನ ಹೊಲಸು ಮಾಡಾಕ ಮನಸ್ಸೇ ಬರವಲ್ದು!"

೨. ಹುಳಿ

ಊರಿಗೆ ಬಂದವಳೇ ನಾರಾಯಣಖೇಡದ ನಮ್ಮವ್ವನಿಗೆ ಫೋನ್ ಹಚ್ಚಿದೆ. "ಹುಣಚಿ ಹಣ್ಣಿಗೆ ತಾಮ್ರದ ಕೊಡ ಹೊಳೀತದ, ಇದೇನು ಮಹಾ?" ಎಂದಳು ಅವ್ವ.

ವರ್ಷಕ್ಕೆಂದು ಇಟ್ಟಿದ್ದ ಹುಣಸೆಹಣ್ಣು ಕಿವುಚಿ ಸುರಿದೆ. ಮನೆಯಲ್ಲಿದ್ದ ನಿಂಬೆಹಣ್ಣನ್ನೂ ಹಿಂಡಿದೆ. ಹಳದಿ ಇದ್ದದ್ದು ಕಂದು ಬಣ್ಣವಾಯಿತು, ಅಷ್ಟೇ ಲಾಭ.

ಮರುದಿನ ಊಟಕ್ಕೆ ಕೂತ ಗಂಡ, "ಬ್ಯಾಳಿಗೆ ಹುಳಿ ಯಾಕ ಇಲ್ಲ?" ಎಂದು ಕೇಳಿದರು. ಉತ್ತರ ಅತ್ತೆಯೇ ಕೊಟ್ಟರು: "ಈಗ ನಮ್ಮನ್ಯಾಗ ಮೊದಲ ಸಂಡಾಸಿಗೆ ನೈವೇದ್ಯ. ಉಳಿದರ ನಮಗ."

೩. ಆಸಿಡ್

ನನ್ನ ಗಂಡ ಕಲ್ಲು ಪಾಲಿಶ್ ಮಾಡುವ ಯೂನಿಟ್ಟಿನಲ್ಲಿ ಸೂಪರ್‌ವೈಸರ್. ನಮ್ಮ ಮನೆಯ ತುಂಬ, ಸಂಡಾಸದಲ್ಲೂ, ಅವರೇ ಆರಿಸಿ ಹೊಳೆಸಿ ಹಾಸಿದ ತಾಂಡೂರು ಕಲ್ಲು. ಅವರು ಕೆಲಸಕ್ಕೆ ಹೋದಾಗ ಓಣಿಗೆ ಬಂದ ಗಾಡಿಯವನ ಹತ್ತಿರ ಆಸಿಡ್ ಕೊಂಡೆ. ಹೆದರಿ ಬಾಗಿಲಲ್ಲೇ ನಿಂತು, ಮೂಗಿಗೆ ಸೆರಗು ಕಟ್ಟಿ ಎರಚಿದೆ. ಕಮೋಡಿಗೆ ಬಿದ್ದದ್ದು ಕಡಿಮೆ, ನೆಲಕ್ಕೆ ಬಿದ್ದದ್ದೇ ಹೆಚ್ಚು. ಕಲ್ಲು ಚುರ್ರೆಂದು ನೊರೆ ಕಾರಿತು. ನೀರು ಹೊಯ್ದು ನೋಡಿದರೆ ಕಲೆ ಇದ್ದಲ್ಲೇ ಇತ್ತು, ನೆಲದ ಹೊಳಪು ಹೋಗಿತ್ತು.

ಗಂಡ ಬಂದು ನೋಡಿ ತಲೆ ಮೇಲೆ ಕೈ ಹೊತ್ತು ಕೂತರು. "ಊರ ಮಂದಿ ನೆಲ ನಾ ಹೊಳಸ್ತೀನಿ. ನನ್ನ ನೆಲ ನೀ ಆಸಿಡ್‌ಗೆ ಮೇಯಸ್ತಿ."

ಅತ್ತೆಗೆ ಸಾಕಾಯಿತು. "ನಿಮ್ಮ ಸಂಡಾಸಕ್ಕ ಕಾಲಿಡಾಕ ಅಂಜಿಕಿ ಬರ್ತದ. ನಾ ಜಹೀರಾಬಾದಕ್ಕ ಹೋಗ್ತೀನಿ. ಇನ್ನ ಮ್ಯಾಲ ಅಲ್ಲೇ ಇರ್ತೀನಿ" ಎಂದು ಚೀಲ ಕಟ್ಟಿದರು.

ಸುಳ್ಳು ಯಾಕೆ ಹೇಳಲಿ, ನನಗೆ ಕೆಟ್ಟದೆನಿಸಿತು. ಮದುವೆಯಾಗಿ ಬಂದಾಗಿನಿಂದ ಬಿಸಿ ರೊಟ್ಟಿ ಬಡಿದು ಹಾಕಿದವಳು ನಾನು. ಜಗಳವಾಡಿದರೂ ನನ್ನ ಅತ್ತೆ ನನ್ನವರು. ಅವರನ್ನು ಗೆದ್ದುಕೊಂಡು ಹೋದದ್ದು ಒಂದು ಕಮೋಡ್! ಬಸ್ ಹತ್ತಿಸಿ ಬಂದ ಗಂಡ, "ಆತು. ಅಣ್ಣಗ ಅವ್ವ ಹೋದಳು, ನಿನಗ ಬ್ರಶ್ ಉಳೀತು" ಎಂದರು.

೪. ಅತ್ತೆ ತಿರುಗಿ ಬಂದದ್ದು

ಅತ್ತೆಯನ್ನು ವಾಪಸ್ ತರಲೇಬೇಕೆಂದು ಹಠ ಹಿಡಿದು ದಿನಾ ತಿಕ್ಕತೊಡಗಿದೆ. ಕೊನೆಗೆ ಹಿಮ್ಮಡಿ ಉಜ್ಜುವ ಕಲ್ಲು ನೀರಲ್ಲಿ ನೆನೆಸಿ ಮೆಲ್ಲಗೆ ಉಜ್ಜಿದಾಗ ಒಂದು ಬದಿ ಬೆಳ್ಳಗಾಯಿತು. ಹಿಗ್ಗಿನಲ್ಲಿ ಇನ್ನೊಂದು ಬದಿಗೆ ಕೈ ಹಾಕಿದ್ದೆ, ಬಾಗಿಲ ಸಪ್ಪಳವಾಯಿತು. ಹೋಗಿ ವಾರವೂ ಆಗಿರಲಿಲ್ಲ, ಅತ್ತೆ ಚೀಲ ಸಮೇತ ನಿಂತಿದ್ದರು.

"ಮೊದಲ ನೀರು ಕೊಡವ್ವ."

ಉಜ್ಜುವ ಕಲ್ಲು ಕೈಯಲ್ಲಿ ಹಿಡಿದೇ ಕೊಟ್ಟೆ. ಚೊಂಬು ಖಾಲಿ ಮಾಡಿ, ಇನ್ನೊಂದು ಕೇಳಿ ಕುಡಿದು, ಆಮೇಲೆ ಬಾಯಿ ಬಿಟ್ಟರು.

"ಅಲ್ಲಿ ಹಿರಿ ಸೊಸಿ ಕುಡಿಯಾಕ ಬೋರಿನ ನೀರು ಕೊಟ್ಟಳು. ಸವಳು ಅದ, ಕ್ಯಾನಿಂದು ಕೊಡು ಅಂದೆ. 'ಅಯ್ಯ ಅತ್ತಿ, ಅದು ಮುಟ್ಟಬ್ಯಾಡ್ರಿ, ಸಂಡಾಸಿಂದು' ಅಂದಳು! ಹಳದಿ ಕಲಿ ಬೀಳಬಾರದಂತ ಫ್ಲಶ್ಶಿನ ನಳ ಬಂದ್ ಮಾಡಿ, ಅದಕ್ಕ ಕ್ಯಾನಿನ ನೀರು ತುಂಬಸ್ತಾಳ. ನಾ ಎರಡನೇ ಸಲ ಹೋದರ 'ಮತ್ತ ಯಾಕ ಹೋದ್ರಿ?' ಅಂತ ಕೇಳ್ತಾಳ."

ಪಂಚಮಿಯ ಚಾ ಯಾಕೆ ಉಪ್ಪಾಗಿತ್ತೆಂದು ಆಗ ತಿಳಿಯಿತು. ನನ್ನ ಬಾಯಿರುಚಿ ಸರಿಯಾಗೇ ಇತ್ತು!

"ಹಂಗಾದರ ಇನ್ನ ಮ್ಯಾಲ ಅಲ್ಲಿ ಇರಂಗಿಲ್ಲೇನ್ರಿ ಅತ್ತಿ?" ಎಂದೆ, ಖುಷಿ ಅಡಗಿಸಿಕೊಂಡು.

"ಹ್ಯಾಂಗ ಇರಲಿ? ಆ ಮನ್ಯಾಗ ಅತ್ತಿ ಜಾಗಾ ಖಾಲಿ ಇಲ್ಲ. ಸಂಡಾಸೇ ಅತ್ತಿ ಆಗ್ಯಾದ. ಸೊಸಿ ಮುಂಜಾನಿ ಎದ್ದು ಅದರ ಮುಂದೇ ಬಗ್ತಾಳ, ಫಿಲ್ಟರ್ ನೀರು ಅದಕ್ಕೇ ಕುಡಸ್ತಾಳ."

ಹೊಟ್ಟೆಯೊಳಗಿನ ಕಿಚ್ಚೆಲ್ಲ ಆರಿ, ಗೋಡೆ ಹಿಡಿದು ನಕ್ಕೆ. ಅತ್ತೆ ನಗಲಿಲ್ಲ. ಮೂಗಿಗೆ ಕಟ್ಟಿದ ನನ್ನ ಸೆರಗನ್ನು ನೋಡಿದರು, ಒದ್ದೆ ಮೊಣಕಾಲು ನೋಡಿದರು, ಕೈಯಲ್ಲಿದ್ದ ಕಲ್ಲನ್ನು ನೋಡಿದರು.

"ನೀ ಏನು ನಗ್ತಿಯವ್ವ?" ಎಂದರು. "ಇಲ್ಲೂ ಅತ್ತಿ ಜಾಗಾ ತುಂಬಿದಂಗ ಕಾಣ್ತದ."