ಏಲಕ್ಕಿ ಹಾಕಿದ ಚಹಾದ ಅನುವಾದ

ಒಂದು ಭಾಷೆಯ ಮಾತನ್ನು ಇನ್ನೊಂದು ಭಾಷೆಗೆ ತರುವುದು ದೊಡ್ಡ ವಿದ್ಯೆಯೆಂದು ಪಂಡಿತರು ಹೇಳುತ್ತಾರೆ. ಇರಬಹುದು. ಆದರೆ ಅವರು ಅನುವಾದಿಸುವುದು ಗ್ರಂಥಗಳನ್ನು. ಗ್ರಂಥ ಎದ್ದು ಬಂದು ಚಹಾ ಕೊಡುವುದಿಲ್ಲ. ಸವದತ್ತಿಯ ಕಚೇರಿಯಲ್ಲಿ ಕಾರಕೂನನಾಗಿದ್ದ ನನ್ನ ಪಾಲಿಗೆ ಬಂದದ್ದು ಬದುಕಿರುವ ಮನುಷ್ಯರ ಮಾತು. ಮುಂಬಯಿ ಕಡೆಯಿಂದ ಬಂದ ಹೊಸ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಇಂಗ್ಲಿಷ್ ಬರುತ್ತದೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಹೀಗೆ ನಾನು ದುಭಾಷಿಯಾದೆ. ಕೆಲಸ ಚೆನ್ನಾಗಿ ಮಾಡಿದರೆ ನನ್ನೂರು ಬೈಲಹೊಂಗಲಕ್ಕೆ ವರ್ಗ ಮಾಡಿಸುತ್ತೇನೆಂದು ಸಾಹೇಬರು ಹೇಳಿದರು. ಆ ಸಂಜೆಯೇ ನನ್ನ ಹೆಂಡತಿ ಗಂಗಾ ಹಿತ್ತಾಳೆ ಪಾತ್ರೆಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ, ಬಾಯಿ ಬಿಗಿದು ಕಟ್ಟಿಟ್ಟಳು.

ನಮ್ಮ ಸೀಮೆಯಲ್ಲಿ ಮನೆಗೆ ಬಂದವರ ಮುಖದ ಮೇಲೆ ‘ಇಲ್ಲ’ ಅನ್ನುವ ಪದ್ಧತಿಯಿಲ್ಲ. ನನ್ನ ಸೋದರಮಾವ, ತನಗೆ ಒಪ್ಪಿಗೆಯಾಗದ ವರನ ಕಡೆಯವರು ಬಂದರೆ ಶಿರಾ ಮಾಡಿಸಿ, ಎರಡೆರಡು ಸಲ ಬಡಿಸಿ, “ಭಾಳ ಛಲೋ ಆತ್ರಿ, ತಿಳಸ್ತೇವಿ” ಎಂದು ಕಳಿಸುತ್ತಿದ್ದ. ಬಂದವರು ಶಿರಾದೊಳಗಿನ ತುಪ್ಪ ನೋಡಿಯೇ ಬೇರೆ ಹೆಣ್ಣು ಹುಡುಕಲು ಹೊರಡುತ್ತಿದ್ದರು.

ಮನೋಳಿಯಾಚೆಯ ಒಂದು ಹಳ್ಳಿಗೆ ಹೋದೆವು. ಊರವರೇ ಶ್ರಮದಾನ ಮಾಡಿ ಹೊಳೆಯವರೆಗೆ ರಸ್ತೆ ಹಾಕಬೇಕೆಂಬುದು ಸಾಹೇಬರ ಆಸೆ. ಸೋಮವಾರ ಎಲ್ಲರೂ ಚಕ್ಕಡಿ ಕಟ್ಟಿಕೊಂಡು ಬರಲಿ ಎಂದರು. ಸೋಮವಾರ ಎತ್ತುಗಳಿಗೆ ರಜೆ. ನಮ್ಮಲ್ಲಿ ಅಂದು ಯಾರೂ ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ. ಆದರೂ ಸಾಹೇಬರು ಹೇಳಿದ್ದನ್ನು ಹಾಗೆಯೇ ಕನ್ನಡದಲ್ಲಿ ಹೇಳಿದೆ.

ಊರ ಗೌಡರು ತಲೆಯ ಪಟಗ ಸರಿಮಾಡಿಕೊಂಡು, “ಆಗಲ್ರಿ, ಅದಕ್ಕೇನಂತ! ಸಾಹೇಬ್ರು ಇಷ್ಟ ದೂರ ಬಂದಾರ, ನಾವು ಹೊಳಿತನಕಾ ಬರೂದಿಲ್ಲೇನ್ರಿ? ಮೊದಲ ಚಾ ತಗೋರಿ” ಎಂದರು. ಚುರಮರಿ ಬಂತು, ಏಲಕ್ಕಿ ಹಾಕಿದ ಚಹಾ ಬಂತು. ಆ ಏಲಕ್ಕಿ ಮೂಗಿಗೆ ಬಡಿದಾಗಲೇ ನರಪಿಳ್ಳೆಯೂ ಬರುವುದಿಲ್ಲವೆಂದು ನನಗೆ ಖಾತ್ರಿಯಾಯಿತು. ಏನಂದರು ಎಂದು ಸಾಹೇಬರು ಕೇಳಿದರು. ಏಲಕ್ಕಿಯನ್ನು ಇಂಗ್ಲಿಷಿಗೆ ಹೇಗೆ ತರುವುದು? ‘ಬರುತ್ತೇವೆ ಅಂದಿದ್ದಾರೆ, ಆದ್ದರಿಂದ ಬರುವುದಿಲ್ಲ’ ಎಂದರೆ ಸಾಹೇಬರು ನನ್ನನ್ನು ಬೈಲಹೊಂಗಲ ಬಿಟ್ಟು ಹುಚ್ಚಾಸ್ಪತ್ರೆಗೆ ವರ್ಗ ಮಾಡಿಸುತ್ತಿದ್ದರು. ಗೌಡರ ಮಾತನ್ನು ಒಂದಕ್ಷರ ಬಿಡದೆ ಅನುವಾದಿಸಿದೆ. ಸಾಹೇಬರು ಹಿಗ್ಗಿ ನನ್ನ ಬೆನ್ನು ತಟ್ಟಿದರು.

ಸೋಮವಾರ ಬಂದವರು ಸಾಹೇಬರು, ಒಬ್ಬ ಫೋಟೋದವ ಮತ್ತು ನಾನು. ಊರ ಎತ್ತುಗಳು ಮೈ ತೊಳೆಸಿಕೊಂಡು ನೆರಳಲ್ಲಿ ಮೆಲುಕು ಹಾಕುತ್ತಿದ್ದವು. ಗೌಡರು ಮಾತ್ರ ಓಡಿಬಂದು, “ಬರ್ರಿ, ಬರ್ರಿ, ಚಾ ಕುಡದ ಹೋಗ್ರಿ” ಎಂದರು. ಸಾಹೇಬರು ಫೋಟೋಕ್ಕಾಗಿ ಸಲಿಕೆ ಹಿಡಿದರು. ಫೋಟೋ ಮುಗಿದ ಮೇಲೆ ಸಲಿಕೆ ನನ್ನ ಕೈಗೆ ಬಂತು. ಆ ರಸ್ತೆಯಲ್ಲಿ ಎಷ್ಟು ಆಗಿದೆಯೋ ಅಷ್ಟನ್ನೂ ನಾನೇ ಹಾಕಿದ್ದು. ತಿರುಗಿ ಬರುವಾಗ ಜೀಪಿನಲ್ಲಿ, ಗೌಡರು ಸುಳ್ಳು ಹೇಳಿದರೇ ಎಂದು ಸಾಹೇಬರು ಸಿಡುಕಿದರು. ಅದು ಸುಳ್ಳಲ್ಲ, ಮರ್ಯಾದೆ ಎಂದು ಸೋದರಮಾವನ ಶಿರಾದ ಕತೆ ಸಮೇತ ತಿಳಿಸಿ ಹೇಳಿದೆ. ಬಹಳ ಆಸಕ್ತಿಯಿಂದ ಕೇಳಿದರು. ಓದಿಕೊಂಡವರು, ಬೇಗ ಕಲಿಯುತ್ತಾರೆ.

ಮರುವಾರ ವರ್ಗದ ಮಾತು ನೆನಪಿಸಲು ಅವರ ಕೋಣೆಗೆ ಹೋದೆ. ಎಂದೂ ನನ್ನನ್ನು ಕೂಡಿಸದವರು ಕುರ್ಚಿ ತೋರಿಸಿ, ಹೊಸದಾಗಿ ಕಲಿತ ಕನ್ನಡದಲ್ಲಿ, “ಆಗಲ್ರಿ, ಅದಕ್ಕೇನಂತ! ಮೊದಲ ಚಾ ತಗೋರಿ” ಎಂದರು.

ಗಂಗಾ ಬಾಗಿಲಲ್ಲೇ ಕಾಯುತ್ತಿದ್ದಳು. “ಏನಂದ್ರೀ ಸಾಹೇಬ್ರು?”

“ಆಗಲಿ ಅಂದ್ರು.”

“ಚಾ ಕೊಟ್ರೇನ್ರಿ?”

“ಕೊಟ್ರು.”

“ಯಾಲಕ್ಕಿ ಹಾಕಿದ್ರೇನು?”

ನಾನು ಹೌದೆಂದು ತಲೆಯಾಡಿಸಿದೆ. ಆಕೆ ಒಳಗೆ ಹೋಗಿ, ಪಾತ್ರೆಗಳ ಗೋಣಿಚೀಲವನ್ನು ಎಳೆದು ತಂದು ನನ್ನ ಮುಂದಿಟ್ಟಳು. ಗಂಟು ಬಿಗಿಯಾಗಿತ್ತು. ಬಿಚ್ಚುತ್ತ ಕೂತೆ, ಸಲಿಕೆ ಹಿಡಿದ ಅಂಗೈಯ ಬೊಬ್ಬೆಗಳು ಇನ್ನೂ ಆರಿರಲಿಲ್ಲ.